ಮಾಡಿದವರು, ಮಾಡಿಸಿದವರು, ಒಪ್ಪಿದವರು: ಸೇನೆ ಮತ್ತು ವೈವಿಧ್ಯವನ್ನು ಕುರಿತ ಮೂರು ಗ್ರಂಥಗಳ ಪರಾಮರ್ಶೆ

ತುಮಕೂರಿನಿಂದ ಹೊರಟು ಗುಬ್ಬಿಯನ್ನು ದಾಟಿ ತಿಪಟೂರಿನ ದಾರಿ ಹಿಡಿದರೆ ನಿಟ್ಟೂರು ಸಿಗುತ್ತದೆ. ಹೊಯ್ಸಳರ ಕಾಲದ ಶಾಂತಿನಾಥ ಬಸದಿಯ ಊರು ಅದು. ಶಾಂತಿನಾಥರು ತೀರ್ಥಂಕರರಾಗುವ ಮುನ್ನ ಚಕ್ರವರ್ತಿಗಳಾಗಿದ್ದವರು. ಷಟ್ಖಂಡವನ್ನು ಗೆದ್ದ ಸೈನ್ಯವನ್ನು ಆಳಿ, ಕಡೆಗೆ ಅದನ್ನು ತೊರೆದವರು. ಅದೇ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಇಂದು 615 ಎಕರೆ ವಿಸ್ತಾರದ ಹೆಲಿಕಾಪ್ಟರ್ ಕಾರ್ಖಾನೆಯಿದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಈ ಕಾರ್ಖಾನೆ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯದು. ಮೊದಲಿಗೆ ವರ್ಷಕ್ಕೆ 30 ಹೆಲಿಕಾಪ್ಟರುಗಳನ್ನು ನಿರ್ಮಿಸಿ, ಮುಂದೆ ಆ ಸಂಖ್ಯೆಯನ್ನು 60ಕ್ಕೂ 90ಕ್ಕೂ ಏರಿಸುವ ಯೋಜನೆ ಅದರದು. ಹಿಮಶಿಖರದಲ್ಲಿ ಗಾಯಗೊಂಡ ಯೋಧನನ್ನು ಹೊತ್ತು ತರುವುದು ಹೆಲಿಕಾಪ್ಟರು. ಅಸ್ತ್ರವನ್ನು ಹೊತ್ತೊಯ್ಯುವುದೂ ಹೆಲಿಕಾಪ್ಟರೇ.

ನಮ್ಮ ಸೀಮೆಗೆ ಸೈನ್ಯದ ನಂಟು ಹೊಸದೇನಲ್ಲ. ಕುಣಿಗಲಿನ ಕುದುರೆ ಫಾರಂ ಟಿಪ್ಪುವಿನ ಅಶ್ವದಳಕ್ಕೆ ಕುದುರೆಗಳನ್ನು ಒದಗಿಸಿದ ತಾಣವೆಂದು ಪ್ರಸಿದ್ಧ. ಬ್ರಿಟಿಷರ ಆಡಳಿತದಲ್ಲಿಯೂ ಅದು ಸೈನ್ಯದ ಕೆಲಸಕ್ಕೇ ಬಳಕೆಯಾಗಿ, ಬಹುಕಾಲದ ಬಳಿಕ ಪಂದ್ಯದ ಕುದುರೆಗಳ ತಾಣವಾಯಿತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡಿತು. ದಂಡಿನ ಸಾಮಾನು ಎಳೆಯುವ ಆ ಎತ್ತುಗಳು ಮೇಯ್ದದ್ದು ತುಮಕೂರು, ಚಿತ್ರದುರ್ಗ, ಹಾಸನ ಸೀಮೆಗಳ ಕಾವಲುಗಳಲ್ಲಿ. ಇಷ್ಟು ಹತ್ತಿರದ ನಂಟಿದ್ದರೂ ಸೇನೆಯನ್ನು ಕುರಿತು ಕನ್ನಡದಲ್ಲಿ ದೊರೆಯುವುದು ಬಹುಮಟ್ಟಿಗೆ ವೀರಗಾಥೆಗಳು ಮತ್ತು ಜೀವನಚರಿತ್ರೆಗಳು. ಸೇನೆಗೆ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ, ಯಾರ ಆಜ್ಞೆಯಂತೆ ಅದು ನಡೆಯುತ್ತದೆ, ಆ ಆಜ್ಞೆಗೆ ಯಾರು ಉತ್ತರದಾಯಿಗಳು ಎಂಬ ಪ್ರಶ್ನೆಗಳನ್ನು ಶೋಧಿಸುವ ಗ್ರಂಥಗಳು ಇಂಗ್ಲಿಷಿನಲ್ಲಿವೆ. ವಿಶ್ವವಿದ್ಯಾಲಯಗಳಿಂದಲೂ ನೀತಿ ಸಂಶೋಧನ ಸಂಸ್ಥೆಗಳಿಂದಲೂ ಹೊರಟು ಸಾಮಾನ್ಯ ಓದುಗರನ್ನೂ ತಲುಪಿರುವ ಅಂಥ ಮೂರು ಗ್ರಂಥಗಳನ್ನು ಇಲ್ಲಿ ಪರಿಶೀಲಿಸಲಾಗಿದೆ: ಸ್ಟೀವನ್ ವಿಲ್ಕಿನ್ಸನ್ ಅವರ ‘ಆರ್ಮಿ ಅಂಡ್ ನೇಷನ್’ (2015), ಉಮರ್ ಖಾಲಿದಿ ಅವರ ‘ಖಾಕಿ ಅಂಡ್ ದಿ ಎಥ್ನಿಕ್ ವಯಲೆನ್ಸ್ ಇನ್ ಇಂಡಿಯಾ’ (2003), ಸ್ಟೀಫನ್ ಕೊಹೆನ್ ಮತ್ತು ಸುನಿಲ್ ದಾಸ್‌ಗುಪ್ತ ಅವರ ‘ಆರ್ಮಿಂಗ್ ವಿದೌಟ್ ಏಮಿಂಗ್’ (2010).

ಪರಿಶೀಲನೆಗೆ ಒಂದು ಅಳತೆಗೋಲು ಬೇಕು. ಅದನ್ನು ಹೊರಗಿನಿಂದ ತರಬೇಕಾಗಿಲ್ಲ. ಹಿಂಸೆಯ ಹೊಣೆಯನ್ನು ನಮ್ಮ ಆಚಾರಶಾಸ್ತ್ರವು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ವಿಂಗಡಿಸಿದೆ: ತಾನೇ ಮಾಡಿದ್ದು, ಅನ್ಯರಿಂದ ಮಾಡಿಸಿದ್ದು, ಅನ್ಯರು ಮಾಡಿದುದನ್ನು ಒಪ್ಪಿದ್ದು. ಜಪಮಾಲೆಯ 108 ಮಣಿಗಳ ಲೆಕ್ಕದಲ್ಲಿ ಈ ಮೂರೂ ಸೇರಿವೆ. ಮಾಡಿದವನನ್ನು ಮಾತ್ರ ಹಿಡಿದು ಉಳಿದಿಬ್ಬರನ್ನು ಬಿಟ್ಟರೆ ಆ ಲೆಕ್ಕ ಪೂರ್ಣವಾಗುವುದಿಲ್ಲ. ಈ ಗ್ರಂಥಗಳ ಗುಣವೂ ಕೊರತೆಯೂ ಈ ಅಳತೆಯಿಂದ ಸ್ಪಷ್ಟವಾಗುತ್ತವೆ ಎಂಬುದು ಈ ಲೇಖನದ ವಾದ.

ವಿಲ್ಕಿನ್ಸನ್ ಅವರು ಎತ್ತಿಕೊಂಡಿರುವ ಪ್ರಶ್ನೆ ಸರಳವಾದುದು. 1947ರಲ್ಲಿ ಒಂದೇ ಸೇನೆ ಎರಡು ದೇಶಗಳಿಗೆ ಹಂಚಿಹೋಯಿತು. ಪಾಕಿಸ್ತಾನದಲ್ಲಿ ಅದು ಮತ್ತೆ ಮತ್ತೆ ಅಧಿಕಾರವನ್ನು ಕೈಗೆ ತೆಗೆದುಕೊಂಡಿತು. ಭಾರತದಲ್ಲಿ ಒಮ್ಮೆಯೂ ಇಲ್ಲ. ಏಕೆ? ಇದಕ್ಕೆ ಅವರು ಕೊಡುವ ಉತ್ತರ ಮೂರು ಬಗೆಯದು. ದೇಶವಿಭಜನೆಯಿಂದ ದೊರೆತ ಸೇನೆಯ ರಚನೆ ಎರಡೂ ಕಡೆ ಒಂದೇ ಆಗಿರಲಿಲ್ಲ. ಭಾರತದಲ್ಲಿ ನಾನಾ ಭಾಷೆ, ಪ್ರಾಂತಗಳನ್ನು ಒಳಗೊಂಡ ಬಲವಾದ ರಾಜಕೀಯ ಪಕ್ಷವೊಂದಿತ್ತು. ಸೇನೆಯು ರಾಜಕೀಯಕ್ಕೆ ಕೈಹಾಕದಂತೆ ತಡೆಯುವ ಕ್ರಮಗಳನ್ನು ಆರಂಭದಿಂದಲೇ ಬುದ್ಧಿಪೂರ್ವಕವಾಗಿ ಕೈಗೊಳ್ಳಲಾಯಿತು. ದಂಡನಾಯಕನ ಭವ್ಯ ನಿವಾಸ 1948ರಲ್ಲಿ ಪ್ರಧಾನಿಯ ನಿವಾಸವಾಯಿತು. 1955ರಲ್ಲಿ ‘ಕಮಾಂಡರ್ ಇನ್ ಚೀಫ್’ ಎಂಬ ಪದವಿಯನ್ನೇ ರದ್ದುಮಾಡಿ, ಮೂರು ಪಡೆಗಳಿಗೆ ಸಮಾನ ದರ್ಜೆಯ ಮೂವರು ಮುಖ್ಯಸ್ಥರನ್ನು ಉಳಿಸಿಕೊಳ್ಳಲಾಯಿತು. ಉನ್ನತ ಹುದ್ದೆಗಳು ಒಂದೇ ಪ್ರಾಂತದವರ ಕೈಯಲ್ಲಿ ಕೂಡಿಕೊಳ್ಳದಂತೆ ನೋಡಿಕೊಳ್ಳಲಾಯಿತು. ದೇಶದ ಜನಸಂಖ್ಯೆಯಲ್ಲಿ ಒಂದು ಚಿಟಿಕೆಯಷ್ಟಿರುವ ಕೊಡಗಿನಿಂದ ಕಾರ್ಯಪ್ಪ (1949) ಮತ್ತು ತಿಮ್ಮಯ್ಯ (1957) ಇಬ್ಬರೂ ಭೂಸೇನೆಯ ಮುಖ್ಯಸ್ಥರಾದ ಸಂಗತಿಯನ್ನು ಈ ಹಿನ್ನೆಲೆಯಲ್ಲಿಟ್ಟು ಓದಿದಾಗ ನಮಗೆ ಹೊಸ ಅರ್ಥ ಹೊಳೆಯುತ್ತದೆ.

ಈ ಪ್ರಸಂಗದಲ್ಲಿ ಕನ್ನಡ ವಾಚಕರು ನೆನೆಯಬೇಕಾದ ಒಂದು ವಿಷಯವಿದೆ. ದಂಡನಾಯಕನ ಆ ನಿವಾಸಕ್ಕೆ ಮುಂದೆ ‘ತೀನ್ ಮೂರ್ತಿ ಭವನ’ ಎಂಬ ಹೆಸರು ಬಂದದ್ದು ಅದರೆದುರಿನ ಮೂರು ಯೋಧರ ವಿಗ್ರಹಗಳಿಂದ. 1922ರಲ್ಲಿ ನಿಂತ ಆ ಸ್ಮಾರಕವು ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಅಶ್ವದಳಗಳದು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರಿದ್ದರು. ಆದರೆ ಅದಕ್ಕೂ ಹಿಂದೆ, 1880ರ ದಶಕದಲ್ಲಿ ಮದರಾಸು ಸೇನೆಯ ದಂಡನಾಯಕನಾಗಿದ್ದ ರಾಬರ್ಟ್ಸ್, ದಕ್ಷಿಣದ ಜನ ಯುದ್ಧಕ್ಕೆ ತಕ್ಕವರಲ್ಲವೆಂದು ತೀರ್ಮಾನಿಸಿದ್ದ. ಕೆಲವು ಕುಲಗಳು ಮಾತ್ರ ವೀರಕುಲಗಳು ಎಂಬ ಆ ಸಿದ್ಧಾಂತ ಸೇನೆಯ ನೇಮಕಾತಿಯನ್ನು ಹಲವು ತಲೆಮಾರುಗಳವರೆಗೆ ಆಳಿತು. ಒಂದು ಜನಾಂಗದ ಗುಣವನ್ನು ಹುಟ್ಟಿನಿಂದಲೇ ನಿರ್ಣಯಿಸುವ ಇಂಥ ಮಾತು ಎಷ್ಟು ಪೊಳ್ಳೆಂಬುದಕ್ಕೆ ದೂರ ಹೋಗಬೇಕಿಲ್ಲ. ಗಂಗರ ದಂಡನಾಯಕನಾಗಿ ‘ಸಮರಪರಶುರಾಮ’ನೆನಿಸಿದ ಚಾವುಂಡರಾಯನೂ, ವಿಷ್ಣುವರ್ಧನನಿಗೆ ತಲಕಾಡನ್ನು ಗೆದ್ದುಕೊಟ್ಟ ಗಂಗರಾಜನೂ ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆತನಗಳಿಂದಲೇ ಬಂದವರು.

ಸ್ವತಂತ್ರ ಭಾರತ 1949ರಲ್ಲಿ ಕುಲಾಧಾರಿತ ನೇಮಕಾತಿಯನ್ನು ಕೈಬಿಡುವುದಾಗಿ ಘೋಷಿಸಿತು. ಎಲ್ಲ ವರ್ಗಗಳಿಗೂ ತೆರೆದ ‘ಬ್ರಿಗೇಡ್ ಆಫ್ ದಿ ಗಾರ್ಡ್ಸ್’ ಆ ವರ್ಷ ರೂಪುಗೊಂಡಿತು. ಆದರೆ ಹಳೆಯ ಕಾಲಾಳು ದಳಗಳಲ್ಲಿ ಹಳೆಯ ಪದ್ಧತಿಯೇ ಮುಂದುವರಿಯಿತು. ಸಿಖ್, ಜಾಟ್, ರಜಪೂತ್, ಡೋಗ್ರಾ, ಮಹಾರ್ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಘೋಷಣೆಗೂ ಆಚರಣೆಗೂ ನಡುವಿನ ಈ ಅಂತರವನ್ನು ವಿಲ್ಕಿನ್ಸನ್ ಬಹಳ ಶ್ರಮದಿಂದ ಅಳೆದಿದ್ದಾರೆ. ಅಧಿಕೃತ ಅಂಕಿಗಳು ದೊರೆಯದ ಕಡೆ ದಳಗಳ ರಚನೆಯಿಂದಲೂ ಅಧಿಕಾರಿಗಳ ಹಿನ್ನೆಲೆಯಿಂದಲೂ ಲೆಕ್ಕವನ್ನು ಕಟ್ಟಿದ್ದಾರೆ. ಗ್ರಂಥದ ದೊಡ್ಡ ಗುಣ ಇದು.

ಆದರೆ ಅವರ ತರ್ಕದ ತಳವನ್ನು ಮುಟ್ಟಿ ನೋಡಿದಾಗ ಒಂದು ಕಳವಳ ಉಂಟಾಗುತ್ತದೆ. ಸೇನೆಯಲ್ಲಿ ನಾನಾ ಪ್ರಾಂತ, ಮತ, ಭಾಷೆಗಳವರು ಇರಬೇಕು. ಏಕೆಂದರೆ ಒಂದೇ ಗುಂಪು ಪ್ರಬಲವಾದರೆ ಅದು ರಾಜ್ಯವನ್ನೇ ನುಂಗಬಹುದು. 1984ರ ಜೂನ್‌ನಲ್ಲಿ ಅಮೃತಸರದ ಕಾರ್ಯಾಚರಣೆಯ ಬಳಿಕ ಕೆಲವು ಸಿಖ್ ದಳಗಳಲ್ಲಿ ಎದ್ದ ದಂಗೆಯನ್ನು ನೆನೆದರೆ ಈ ಭಯ ನಿರಾಧಾರವೆನ್ನಲಾಗದು. ಆದರೂ ಇಲ್ಲಿ ವೈವಿಧ್ಯಕ್ಕೆ ಬೆಲೆ ಬಂದಿರುವುದು ಅದು ಒಂದು ಅಪಾಯವನ್ನು ತಡೆಯುತ್ತದೆ ಎಂಬ ಕಾರಣಕ್ಕಷ್ಟೆ. ನಾಳೆ ಬೇರೊಬ್ಬ ವಿದ್ವಾಂಸರು ಒಂದೇ ಕುಲದ ದಳ ಹೆಚ್ಚು ಒಗ್ಗಟ್ಟಿನಿಂದ ಕಾದುತ್ತದೆಂದೂ, ಅಪಾಯವನ್ನು ತಡೆಯಲು ಬೇರೆ ಉಪಾಯಗಳಿವೆಯೆಂದೂ ತೋರಿಸಿಕೊಟ್ಟರೆ ವೈವಿಧ್ಯದ ಪರ ಉಳಿಯುವ ಮಾತೇನು? ದೇಶವನ್ನು ಕಾಯುವ ಕಾರ್ಯದಲ್ಲಿ ಪಾಲ್ಗೊಳ್ಳುವುದು ಎಲ್ಲ ಪ್ರಜೆಗಳ ಸಮಾನ ಹಕ್ಕು, ಅದರ ನೋವು ಎಲ್ಲರಿಗೂ ಸಮನಾಗಿ ಹಂಚಿಹೋಗಬೇಕಾದ ಋಣ ಎಂಬ ನ್ಯಾಯದ ಮಾತಿಗೆ ಈ ಗ್ರಂಥದಲ್ಲಿ ದೊರೆತಿರುವ ಅವಕಾಶ ಬಹು ಕಡಿಮೆ.

ಖಾಲಿದಿ ಅವರ ಗ್ರಂಥದ ದನಿ ಬೇರೆ. ಹೈದರಾಬಾದಿನಿಂದ ಬಂದ ಈ ಚರಿತ್ರಕಾರರು ಗಡಿಯ ಯುದ್ಧಕ್ಕಿಂತ ಊರೊಳಗಿನ ಗಲಭೆಗೆ ಗಮನ ಕೊಟ್ಟಿದ್ದಾರೆ. ಕೋಮುಗಲಭೆಯ ವೇಳೆ ಸೇನೆ, ಪೊಲೀಸು, ಅರೆಸೇನಾ ಪಡೆಗಳು ಹೇಗೆ ನಡೆದುಕೊಂಡವು, ಆ ಪಡೆಗಳಲ್ಲಿ ಯಾವ ಸಮುದಾಯದವರು ಎಷ್ಟಿದ್ದರು ಎಂಬ ಸಂಗತಿಗಳನ್ನು ಅವರು ಪ್ರಾಂತವಾರು ಕೂಡಿಹಾಕಿದ್ದಾರೆ. ಪಡೆಯಲ್ಲಿ ಒಂದು ಸಮುದಾಯಕ್ಕೆ ತಕ್ಕ ಸ್ಥಾನವಿಲ್ಲದಿದ್ದರೆ ಗಲಭೆಯ ದಿನ ಆ ಸಮುದಾಯಕ್ಕೆ ನ್ಯಾಯ ದೊರೆಯುವುದಿಲ್ಲ ಎಂಬುದು ಅವರ ನಿಲುವು. ಭದ್ರತೆಯೆಂಬುದು ಬಂದೂಕು ಹಿಡಿದವರ ಕಡೆಯಿಂದ ಮಾತ್ರವಲ್ಲ, ಬಾಗಿಲ ಚಿಲಕ ಹಾಕಿಕೊಂಡು ಒಳಗೆ ಕುಳಿತವರ ಕಡೆಯಿಂದಲೂ ನೋಡಬೇಕಾದ ವಿಷಯವೆಂದು ಈ ಮೂರರಲ್ಲಿ ಅರಿತಿರುವ ಗ್ರಂಥ ಇದೊಂದೇ.

ಆದರೆ ಅವರ ಅಳತೆಯಲ್ಲಿ ಒಂದು ಲೋಪವಿದೆ. ಅದನ್ನು ತೋರಿಸಿಕೊಡುವುದು ವಿಲ್ಕಿನ್ಸನ್ ಅವರದೇ ಹಿಂದಿನ ಗ್ರಂಥ, 2004ರ ‘ವೋಟ್ಸ್ ಅಂಡ್ ವಯಲೆನ್ಸ್’. ಗಲಭೆ ನಿಲ್ಲುವುದೂ ಬೆಳೆಯುವುದೂ ಬಹುಮಟ್ಟಿಗೆ ರಾಜ್ಯ ಸರ್ಕಾರ ಪೊಲೀಸರಿಗೆ ಕೊಡುವ ಆಜ್ಞೆಯನ್ನು ಅವಲಂಬಿಸಿದೆ. ಆ ಆಜ್ಞೆಯು ಅಲ್ಪಸಂಖ್ಯಾತರ ಮತ ತನಗೆ ಬೇಕೋ ಬೇಡವೋ ಎಂಬ ಚುನಾವಣೆಯ ಲೆಕ್ಕವನ್ನು ಅವಲಂಬಿಸಿದೆ ಎಂಬುದು ಅದರ ಪ್ರತಿಪಾದನೆ. ಪಡೆಯ ರಚನೆ ಹೇಗಿದ್ದರೂ ಮೇಲಿನ ಆಜ್ಞೆ ಸ್ಪಷ್ಟವಾಗಿದ್ದರೆ ಗಲಭೆ ನಿಲ್ಲುತ್ತದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಖಾಲಿದಿ ಕೃತವನ್ನು ಶೋಧಿಸಿದರು, ವಿಲ್ಕಿನ್ಸನ್ ಕಾರಿತವನ್ನು. ಲಾಠಿ ಹಿಡಿದವನ ಜಾತಿ ಮತಗಳನ್ನು ಎಣಿಸುತ್ತ ಕುಳಿತರೆ ‘ಸುಮ್ಮನಿರಿ’ ಎಂದು ದೂರವಾಣಿಯಲ್ಲಿ ಹೇಳಿದವನು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಾನೆ. ಹಾಗೆಂದು ಎಣಿಕೆಯೇ ಬೇಡವೆನ್ನುವುದೂ ಸಲ್ಲದು. ನಮ್ಮಲ್ಲಿ ಒಂದೊಂದು ದೃಷ್ಟಿಯೂ ಒಂದು ನಯ. ಉಳಿದ ದೃಷ್ಟಿಗಳನ್ನು ಅಲ್ಲಗಳೆದಾಗ ಅದೇ ನಯಾಭಾಸವಾಗುತ್ತದೆ. ನೀತಿಗ್ರಂಥಗಳನ್ನು ಓದುವಾಗ ಈ ಎಚ್ಚರ ಅವಶ್ಯ.

ಎಣಿಕೆಯ ಪ್ರಶ್ನೆ ಎಷ್ಟು ನಾಜೂಕಿನದೆಂದು 2006ರಲ್ಲಿ ದೇಶ ಕಂಡಿತು. ಸಾಚಾರ್ ಸಮಿತಿಯು ಸೇನೆಯಲ್ಲಿರುವ ಮುಸಲ್ಮಾನರ ಸಂಖ್ಯೆಯನ್ನು ಕೇಳಿದಾಗ ದೊಡ್ಡ ಗದ್ದಲವೆದ್ದಿತು. ಭೂಸೇನೆಯ ಅಂಕಿಗಳು ವರದಿಯಲ್ಲಿ ಸೇರಲಿಲ್ಲ. ಸೈನಿಕರನ್ನು ಮತದ ಲೆಕ್ಕದಲ್ಲಿ ನೋಡುವುದಿಲ್ಲವೆಂಬ ಸೇನೆಯ ಮಾತಿನಲ್ಲಿ ಒಂದು ಘನತೆಯಿದೆ. ಅದೇ ಸೇನೆಯ ಹಳೆಯ ದಳಗಳು ಕುಲದ ಹೆಸರಿನಲ್ಲಿಯೇ ನಿಂತಿವೆ ಎಂಬುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗಿಟ್ಟು ಯೋಚಿಸುವ ತಾಳ್ಮೆ ಆ ಚರ್ಚೆಯಲ್ಲಿ ಕಾಣಲಿಲ್ಲ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾದಾಗ ನೇಮಕಾತಿಯು ‘ಅಖಿಲ ಭಾರತ, ಸರ್ವ ವರ್ಗ’ ಆಧಾರದ ಮೇಲೆ ನಡೆಯುವುದೆಂದು ಅದರಲ್ಲಿಯೇ ಹೇಳಲಾಗಿತ್ತು. 1949ರ ಘೋಷಣೆಯ ಮರುಹುಟ್ಟು ಎನ್ನಬಹುದಾದ ಈ ಮಾತನ್ನು ಗಮನಿಸಿದವರು ವಿರಳ. ನಾಲ್ಕು ವರ್ಷದ ಸೇವೆ, ಆಮೇಲೆ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಮುಂದುವರಿಯುವ ಅವಕಾಶ ಎಂಬ ನಿಯಮವೇ ಎಲ್ಲರ ಕಣ್ಣಿಗೆ ಬಿತ್ತು. ಬೀಳುವುದು ಸಹಜ. ಆದರೆ ಸೇನೆಯ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದೂ, ಒಳಗೆ ಹೋದವನನ್ನು ಎಷ್ಟು ಕಾಲ ತನ್ನವನೆಂದು ಇಟ್ಟುಕೊಳ್ಳುತ್ತದೆ ಎಂಬುದೂ ಒಂದೇ ನ್ಯಾಯದ ಎರಡು ಮುಖಗಳು.

ಈ ಭಾಗವನ್ನು ಕುಣಿಗಲಿನ ಕಡೆಯ ನಿವೃತ್ತ ಸುಬೇದಾರರೊಬ್ಬರಿಗೆ ಓದಿ ಅರ್ಥ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆಂದರು: “ಸ್ವಾಮಿ, ನಾನಿದ್ದ ದಳದಲ್ಲಿ ಎಲ್ಲ ಸೀಮೆಯವರೂ ಇದ್ದರು. ನಿಮ್ಮ ಪುಸ್ತಕದವರು ಬಂದು ಎಣಿಸಿದ್ದರೆ ಸಂತೋಷಪಡುತ್ತಿದ್ದರು. ನನಗೆ ಆಗ ಹಿಂದಿ ಬರುತ್ತಿರಲಿಲ್ಲ. ಮೊದಲ ವರ್ಷವೆಲ್ಲ ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ, ‘ಮದ್ರಾಸಿ’ ಅಂತಲೇ ಕರೆದರು. ಜ್ವರ ಬಂದು ಮಲಗಿದಾಗ ರಾತ್ರಿಯೆಲ್ಲ ಕೂತು ನೋಡಿಕೊಂಡವನೂ ಅವರಲ್ಲೇ ಒಬ್ಬ. ಇವೆರಡನ್ನೂ ಯಾವ ಪಟ್ಟಿಯಲ್ಲಿ ಬರೆಯುತ್ತೀರಿ?” ಇದಕ್ಕೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಸಂಖ್ಯೆಯಲ್ಲಿ ಒಳಗೊಂಡ ಮಾತ್ರಕ್ಕೆ ಗೌರವದಲ್ಲಿ ಒಳಗೊಂಡಂತಾಗುವುದಿಲ್ಲ. ಪಟ್ಟಿ ಹಿಡಿದು ಹೊರಟ ಗ್ರಂಥಗಳು ನಿಲ್ಲುವುದು ಈ ಹೊಸ್ತಿಲಲ್ಲಿಯೇ. ಅವರ ನೆರೆಮನೆಯ ಹುಡುಗನೊಬ್ಬ ದಿನವೂ ನಸುಕಿನಲ್ಲೆದ್ದು ಕೆರೆಯ ಏರಿಯ ಮೇಲೆ ಓಡುತ್ತ ಭರ್ತಿಗೆ ಸಿದ್ಧನಾಗುತ್ತಿದ್ದಾನೆ. ಅವನ ಪಾಲಿಗೆ ಈ ಚರ್ಚೆ ಪಾಂಡಿತ್ಯದ ವಿಷಯವಲ್ಲ.

ಮೂರನೆಯದಾದ ಕೊಹೆನ್–ದಾಸ್‌ಗುಪ್ತ ಗ್ರಂಥವು ವಾಷಿಂಗ್ಟನ್ನಿನ ಬ್ರೂಕಿಂಗ್ಸ್ ಸಂಸ್ಥೆಯ ಪ್ರಕಟಣೆ. ಭಾರತವು ಅಪಾರ ಹಣ ತೆತ್ತು ಶಸ್ತ್ರಗಳನ್ನು ಕೊಳ್ಳುತ್ತದೆ, ಆದರೆ ಯಾವ ಗುರಿಗಾಗಿ ಎಂಬುದು ಅದಕ್ಕೇ ಸ್ಪಷ್ಟವಿಲ್ಲ ಎಂಬುದು ಅದರ ಮುಖ್ಯ ಟೀಕೆ. ಈ ಅಸ್ಪಷ್ಟತೆಯ ಬೇರು ಸ್ವಾತಂತ್ರ್ಯದ ಕಾಲದಿಂದ ಬಂದ ಸಂಯಮದ ನೀತಿಯಲ್ಲಿದೆ ಎಂದು ಲೇಖಕರು ವಾದಿಸುತ್ತಾರೆ. ಸಂಯಮವನ್ನು ಅವರು ಸಂಪೂರ್ಣವಾಗಿ ದೂಷಿಸುವುದಿಲ್ಲ. ಅದರಿಂದಾದ ಹಿತವನ್ನೂ ಒಪ್ಪುತ್ತಾರೆ. ಬರವಣಿಗೆ ಸ್ಪಷ್ಟವಾಗಿದೆ, ರಕ್ಷಣಾ ಖರೀದಿಯ ಗೊಂದಲಗಳ ವಿವರಣೆ ಇಂದಿಗೂ ಉಪಯುಕ್ತವಾಗಿದೆ. ಆದರೆ 2016ರ ಸೆಪ್ಟೆಂಬರ್, 2019ರ ಫೆಬ್ರವರಿ, 2025ರ ಮೇ ತಿಂಗಳುಗಳಲ್ಲಿ ಗಡಿಯಾಚೆ ನಡೆದ ಕಾರ್ಯಾಚರಣೆಗಳ ನಂತರ ಆ ಗ್ರಂಥದ ಮೂಲ ಪ್ರಮೇಯವನ್ನು ಇದ್ದಂತೆಯೇ ಒಪ್ಪಲಾಗದು. ಅದು ಚರಿತ್ರೆಯ ಮಾತು. ನಮ್ಮ ಆಕ್ಷೇಪ ಬೇರೊಂದಿದೆ.

ಸಂಯಮ ಎಂಬ ಪದವನ್ನು ಈ ಲೇಖಕರು ಬಳಸುವುದು ಸುಮ್ಮನಿರುವಿಕೆಗೆ ಸಮೀಪದ ಅರ್ಥದಲ್ಲಿ. ಮಾಡಬಲ್ಲವನು ಮಾಡದಿರುವುದಕ್ಕೂ, ಏನು ಮಾಡಬೇಕೆಂದು ತಿಳಿಯದವನು ಮಾಡದಿರುವುದಕ್ಕೂ ಇರುವ ಭೇದ ಅಲ್ಲಿ ಅಳಿಸಿಹೋಗುತ್ತದೆ. ಭರತ–ಬಾಹುಬಲಿಯರ ಕಥೆ ನಮ್ಮಲ್ಲಿ ಮಕ್ಕಳಿಗೂ ತಿಳಿದಿದೆ. ಎರಡು ಸೈನ್ಯಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ಮುಂದೆ ಬಂದು, ಅಣ್ಣತಮ್ಮಂದಿರ ಜಗಳಕ್ಕೆ ಸಾವಿರಾರು ಜನ ಸಾಯುವುದೇಕೆ ಎಂದು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಮಾತ್ರ ನಡೆದವು. ಭರತನನ್ನು ಎತ್ತಿ ಹಿಡಿದ ಮೇಲೆ ಬಾಹುಬಲಿ ಅವನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಗೆದ್ದವನು ಗೆಲುವಿನ ನಡುವೆಯೇ ನಿಂತುಕೊಂಡದ್ದು ಸಂಯಮ. ಅದರ ಹಿಂದೆ ಬಲವೂ ಇದೆ, ವಿವೇಕವೂ ಇದೆ, ‘ಇದರಿಂದ ಯಾರಿಗೇನು?’ ಎಂದು ಕೇಳುವ ಧೈರ್ಯವುಳ್ಳ ಮಂತ್ರಿಗಳೂ ಇದ್ದಾರೆ. ಅದನ್ನು ಕಲ್ಲಿನಲ್ಲಿ ನಿಲ್ಲಿಸಿದವನು ಯುದ್ಧವನ್ನು ಕಣ್ಣಾರೆ ಕಂಡ ದಂಡನಾಯಕನೇ ಎಂಬುದನ್ನು ಮರೆಯಬಾರದು. ಸಂಯಮವನ್ನು ಗುರಿಯ ಅಭಾವವೆಂದು ಕಾಣುವ ಗ್ರಂಥಕ್ಕೆ, ಸಂಯಮವೇ ಗುರಿಯಾಗಬಲ್ಲದೆಂಬುದು ಹೊಳೆಯದೆಹೋಯಿತು.

ಪರರ ಗ್ರಂಥಗಳಲ್ಲಿ ದೋಷವೆಣಿಸಿ ಮುಗಿಸುವುದು ಸುಲಭ. ಆದರೆ ಕೃತ, ಕಾರಿತಗಳ ಬಳಿಕ ಅನುಮೋದಿತವೆಂಬುದು ಉಳಿದಿದೆ. ಅದು ನಮ್ಮ ಮನೆಯ ಲೆಕ್ಕ. ಗುಬ್ಬಿಯ ಕಾರ್ಖಾನೆಯ ಒಡೆತನದ ಸಂಸ್ಥೆ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಮೈಸೂರು ಸಂಸ್ಥಾನದ ನೆರವಿನಿಂದ ಅದನ್ನು ಸ್ಥಾಪಿಸಿದವರು ವಾಲ್‌ಚಂದ್ ಹೀರಾಚಂದ್. ಸೊಲ್ಲಾಪುರದ ಜೈನ ಮನೆತನದವರು. ಯುದ್ಧದ ತುರ್ತಿನಲ್ಲಿ 1942ರಲ್ಲಿ ಅದು ಸರ್ಕಾರದ ವಶವಾಯಿತು. ದೇಶ ಸ್ವಾವಲಂಬಿಯಾಗಬೇಕೆಂಬ ಹಂಬಲದಿಂದ ಅವರು ಆ ಸಾಹಸ ಮಾಡಿದರು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಶ್ರಾವಕನಿಗೆ ಮೊದಲನೆಯದನ್ನು ಪೂರ್ಣವಾಗಿ ನಿಷೇಧಿಸಿ, ಉಳಿದವುಗಳಲ್ಲಿ ಎಚ್ಚರವನ್ನು ವಿಧಿಸಿದ ನಮ್ಮ ಆಚಾರ್ಯರಿಗೆ ಇಂಥ ಸಂದರ್ಭಗಳ ಅರಿವಿತ್ತು. ಆತ್ಮರಕ್ಷಣೆಯ ಹಿಂಸೆಗೆ ರಿಯಾಯಿತಿಯಿದೆ. ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ ಇಲ್ಲ. ತೆರಿಗೆ ಕಟ್ಟುವ ನಾವು, ಕಾರ್ಖಾನೆ ಬಂದರೆ ಭೂಮಿಯ ಬೆಲೆ ಏರುವುದೆಂದು ಹಿಗ್ಗುವ ನಾವು, ಗಡಿಯಲ್ಲಿ ಗುಂಡು ಹಾರಿದಾಗ ಹಾಲು ಸಕ್ಕರೆ ಹಂಚುವ ನಾವು ಅನುಮೋದಕರಲ್ಲದೆ ಮತ್ತೇನು? ಕಾರ್ಖಾನೆ ಬೇಡವೆನ್ನುವುದು ಇದರ ಅರ್ಥವಲ್ಲ. ಒಪ್ಪಿಗೆ ಕೊಡುವವರು ಏನನ್ನು ಒಪ್ಪುತ್ತಿದ್ದೇವೆ ಎಂದು ತಿಳಿದು ಕೊಡಬೇಕು ಎಂಬುದಷ್ಟೆ.

ಆ ತಿಳಿವಳಿಕೆಗೆ ಈ ಮೂರು ಗ್ರಂಥಗಳು ತಮ್ಮ ಕೊರತೆಗಳೊಡನೆಯೇ ನೆರವಾಗುತ್ತವೆ. ವಿಲ್ಕಿನ್ಸನ್ ಅವರ ಗ್ರಂಥವನ್ನು ಅದರ ಶ್ರಮಕ್ಕಾಗಿಯೂ, ಖಾಲಿದಿ ಅವರದನ್ನು ಅದರ ಅಂತಃಕರಣಕ್ಕಾಗಿಯೂ, ಕೊಹೆನ್–ದಾಸ್‌ಗುಪ್ತ ಅವರದನ್ನು ಅದು ಎಬ್ಬಿಸುವ ಪ್ರತಿವಾದಕ್ಕಾಗಿಯೂ ಓದಬೇಕು. ಇವುಗಳಲ್ಲಿ ಮೊದಲನೆಯದಾದರೂ ಕನ್ನಡಕ್ಕೆ ಬರುವುದು ಅವಶ್ಯ. ತುಮಕೂರಿನಲ್ಲಿ ವಿಶ್ವವಿದ್ಯಾಲಯವಿದೆ, ಇಂಗ್ಲಿಷನ್ನೂ ರಾಜ್ಯಶಾಸ್ತ್ರವನ್ನೂ ಬಲ್ಲ ಅಧ್ಯಾಪಕರಿದ್ದಾರೆ, ಸೇನೆಯಲ್ಲಿ ದುಡಿದು ಬಂದು, ಅನುವಾದದ ತಪ್ಪುಗಳನ್ನು ತಿದ್ದಬಲ್ಲ ಹಿರಿಯರು ಗುಬ್ಬಿ, ಕುಣಿಗಲುಗಳ ಹಳ್ಳಿಗಳಲ್ಲಿದ್ದಾರೆ. ಇವರು ಒಂದೆಡೆ ಕುಳಿತರೆ ಎರಡು ವರ್ಷದ ಕೆಲಸ. ಕೆರೆಯ ಏರಿಯ ಮೇಲೆ ಓಡುತ್ತಿರುವ ಆ ಹುಡುಗನು ಸಹಿ ಹಾಕುವ ಮೊದಲು, ತಾನು ಸೇರಲಿರುವ ಸೇನೆಯ ಕಥೆಯನ್ನು ತನ್ನ ಭಾಷೆಯಲ್ಲಿ ಓದಿಕೊಳ್ಳಲು ಅವಕಾಶವಾಗಲಿ.